ಒಬ್ಬರೇ ಪಾಲಿಸಲಾಗದ ಆಜ್ಞೆಗಳು

ಸಬ್ಬತ್ ದಿನದ, ಅಂದರೆ ವಾರದ ಏಳನೇ ದಿನ ವಿಶ್ರಾಂತಿ ಪಡೆಯಬೇಕೆಂಬ ಆಜ್ಞೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಬೈಬಲಿನ ವಿಮೋಚನಕಾಂಡ 20ನೇ ಅಧ್ಯಾಯದಲ್ಲಿರುವ ಆ ಆಜ್ಞೆ "ನೀನು ಕೆಲಸ ಮಾಡಬೇಡ" ಅಂತ ಹೇಳಿ ಸುಮ್ಮನಾಗುವುದಿಲ್ಲ. ನಿನ್ನ ಮಗ, ನಿನ್ನ ಮಗಳು, ನಿನ್ನ ಆಳು, ನಿನ್ನ ದಾಸಿ, ನಿನ್ನ ದನಕರು, ನಿನ್ನ ಊರಲ್ಲಿ ಇಳಿದುಕೊಂಡಿರುವ ಪರದೇಶಿ, ಹೀಗೆ ಒಬ್ಬೊಬ್ಬರನ್ನೂ ಎಣಿಸುತ್ತಾ ಹೋಗುತ್ತದೆ. ಧರ್ಮೋಪದೇಶಕಾಂಡ 5ರಲ್ಲಿ ಇದೇ ಆಜ್ಞೆ ಮತ್ತೆ ಬಂದಾಗ ಇನ್ನೊಂದು ಮಾತು ಸೇರಿಕೊಂಡಿದೆ. ನಿನಗೆ ಸಿಕ್ಕ ವಿಶ್ರಾಂತಿ ನಿನ್ನ ಆಳಿಗೂ ದಾಸಿಗೂ ಸಿಗಬೇಕು. ಯಾಕೆಂದರೆ ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ.

ಈಗ ಆ ಆಳಿನ ಜಾಗದಲ್ಲಿ ನಿಂತು ಯೋಚಿಸಿ. ಅವನಿಗೆ ದೇವರ ಮೇಲೆ ಎಷ್ಟೇ ಭಕ್ತಿ ಇರಲಿ, ಯಜಮಾನ ಬಿಡದೆ ಅವನು ಸಬ್ಬತ್ ಆಚರಿಸಲಾರ. ಯಜಮಾನ ಒಂದು ದಿನದ ದುಡಿಮೆಯನ್ನು ಕಳೆದುಕೊಳ್ಳಲು ಒಪ್ಪಬೇಕು. ಆಗ ಮಾತ್ರ ಆಳಿಗೆ ದೇವರ ಮಾತು ಕೇಳುವ ದಾರಿ ತೆರೆಯುತ್ತದೆ. ಪಾಲಿಸುವವನು ಒಬ್ಬ, ಅದಕ್ಕೆ ನಷ್ಟ ಹೊರುವವನು ಇನ್ನೊಬ್ಬ.

ಕ್ರೈಸ್ತ ಸಭೆಯಲ್ಲಿ "ದೇವರ ಆಜ್ಞೆಗಳನ್ನು ಒಟ್ಟಾಗಿ ಪಾಲಿಸೋಣ" ಎಂಬ ಮಾತು ಆಗಾಗ ಕೇಳುತ್ತೇವೆ. ಕೇಳಿದ ಕೂಡಲೇ ನಮ್ಮ ಮನಸ್ಸು ಒಂದೇ ಕಡೆ ಹೋಗುತ್ತದೆ. ಯಾರು ತಪ್ಪಿದರು, ಅವರನ್ನು ಯಾರು ಕೇಳಬೇಕು, ಹಿರಿಯರು ಏನು ಕ್ರಮ ತೆಗೆದುಕೊಳ್ಳುತ್ತಾರೆ, ಅಷ್ಟೇ. ಅದೂ ಬೇಕು, ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ವರ್ಷಗಳಿಂದ ಬೈಬಲ್ ಓದುತ್ತಾ, ಸಭೆಯಲ್ಲಿ ಬದುಕುತ್ತಾ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಬೇರೆ. ಇನ್ನೊಬ್ಬರು ಆಜ್ಞೆ ಪಾಲಿಸಲು ಆಗುವ ಹಾಗೆ ನಮ್ಮ ಕೈಯಿಂದ ಏನಾದರೂ ಬಿಟ್ಟುಕೊಡುವುದೇ ಒಟ್ಟಾಗಿ ಪಾಲಿಸುವುದರ ಮೊದಲ ಹೆಜ್ಜೆ. ತಿದ್ದುವ ಕೆಲಸ ಅದರ ಹಿಂದೆ ಬರಬೇಕು.

ಇದು ನಾನು ಸುಮ್ನೆ ಕಲ್ಪಿಸಿಕೊಂಡದ್ದಲ್ಲ. ಯಾಜಕಕಾಂಡ 19ನೇ ಅಧ್ಯಾಯ ತೆರೆಯಿರಿ. ಇಸ್ರಾಯೇಲ್ಯರ ಇಡೀ ಸಮೂಹಕ್ಕೆ ಹೇಳು ಎಂದೇ ದೇವರು ಮೋಶೆಗೆ ಅಪ್ಪಣೆ ಕೊಡುತ್ತಾನೆ. "ಕದಿಯಬೇಡಿರಿ" ಎಂಬ ಮಾತು 11ನೇ ವಚನದಲ್ಲಿ ಬರುತ್ತದೆ. ಅದಕ್ಕೆ ಮುಂಚೆ, 9 ಮತ್ತು 10ನೇ ವಚನಗಳಲ್ಲಿ ಏನಿದೆ ಗೊತ್ತಾ? ಬೆಳೆ ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡ, ಉದುರಿದ ತೆನೆಗಳನ್ನು ಆಯಬೇಡ, ದ್ರಾಕ್ಷೇತೋಟದಲ್ಲಿ ಬಿದ್ದ ಹಣ್ಣುಗಳನ್ನು ಕೂಡಿಸಬೇಡ, ಅವು ಬಡವನಿಗೂ ಪರದೇಶಿಗೂ ಇರಲಿ ಅಂತ. ಮೊದಲು ಹೊಲದ ಯಜಮಾನನಿಗೆ ಮಾತು, ಆಮೇಲೆ ಕದಿಯಬಾರದೆಂಬ ಮಾತು. ಸ್ವಲ್ಪ ಮುಂದೆ, 13ನೇ ವಚನದಲ್ಲಿ, ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಬಳಿ ಉಳಿಯಬಾರದು ಎಂದಿದೆ. ಹಸಿದವನ ಮುಂದೆ ಎಲ್ಲ ಬಾಗಿಲನ್ನೂ ಮುಚ್ಚಿ ಕದಿಯಬೇಡ ಅಂತ ಬೋಧಿಸುವ ದೇವರಲ್ಲ ಇವನು.

ಮೊದಲ ಕಾಲದ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನೂ ಇದೇ ದಾರಿಯಲ್ಲಿ ಯೋಚಿಸುತ್ತಾನೆ. ಎಫೆಸದವರಿಗೆ ಬರೆದ ಪತ್ರದಲ್ಲಿ, ಕದಿಯುತ್ತಿದ್ದವನು ಇನ್ನು ಕದಿಯದಿರಲಿ ಎಂದು ನಿಲ್ಲಿಸುವುದಿಲ್ಲ. ಕೈಯಿಂದ ದುಡಿಯಲಿ, ಕೊರತೆ ಇರುವವನಿಗೆ ಕೊಡಲು ಅವನ ಹತ್ತಿರ ಏನಾದರೂ ಇರಲಿ ಎನ್ನುತ್ತಾನೆ. ಇದನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಕಳ್ಳನಾಗಿದ್ದವನನ್ನು ಪೌಲ ಕೊಡುವವನ ಸಾಲಿನಲ್ಲಿ ಕೂರಿಸುತ್ತಾನೆ. ಆದರೆ ಆ ಮನುಷ್ಯನಿಗೆ ಕೆಲಸ ಕೊಡುವವರು ಯಾರು? ಹಳೆಯದನ್ನು ಗೊತ್ತಿದ್ದೂ ನಂಬಿ ಒಳಗೆ ಬಿಟ್ಟುಕೊಳ್ಳುವವರು ಯಾರು? ಸಭೆಯಲ್ಲಿ ಯಾರೋ ಒಬ್ಬರು ಆ ಅಪಾಯ ತೆಗೆದುಕೊಳ್ಳದಿದ್ದರೆ ಎಫೆಸ 4:28 ಗೋಡೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ.

ಸುಳ್ಳಿನ ವಿಷಯಕ್ಕೆ ಬರೋಣ. ಇದರ ಬಗ್ಗೆ ನಾನು ಜಾಸ್ತಿ ಯೋಚಿಸಿದ್ದೇನೆ. ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯ ಮತ್ತು ಸಪ್ಫೈರ ಎಂಬ ಗಂಡ ಹೆಂಡತಿ ತಮ್ಮ ಭೂಮಿ ಮಾರಿ, ಬಂದ ಹಣದಲ್ಲಿ ಒಂದಿಷ್ಟನ್ನು ಇಟ್ಟುಕೊಂಡು, ಸಭೆಗೆ ಪೂರ್ತಿ ಕೊಟ್ಟವರ ಹಾಗೆ ತೋರಿಸಿಕೊಂಡರು. ಯೇಸುವಿನ ಶಿಷ್ಯ ಪೇತ್ರನ ಮಾತನ್ನು ಗಮನಿಸಿ. ಭೂಮಿ ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತು ಎನ್ನುತ್ತಾನೆ. ಪೂರ್ತಿ ಕೊಡಲೇಬೇಕೆಂಬ ನಿಯಮ ಇರಲಿಲ್ಲ. ಅವರ ತಪ್ಪು ಸುಳ್ಳು. ಇದಕ್ಕೆ ಸ್ವಲ್ಪ ಮುಂಚೆ, 4ನೇ ಅಧ್ಯಾಯದ ಕೊನೆಯಲ್ಲಿ, ಬಾರ್ನಬ ತನ್ನ ಹೊಲ ಮಾರಿ ಹಣವನ್ನು ಅಪೊಸ್ತಲರ ಪಾದಗಳ ಬಳಿ ಇಟ್ಟ ಸಂಗತಿ ಇದೆ. ಅನನೀಯನ ಪಾಪಕ್ಕೆ ಅದು ನೆಪವಾಗುವುದಿಲ್ಲ, ಅವನು ಉತ್ತರ ಕೊಡಬೇಕಾದದ್ದು ದೇವರಿಗೆ. ಆದರೂ ಈ ಎರಡು ಕಥೆಗಳನ್ನು ಒಟ್ಟಿಗೆ ಓದಿದಾಗ ನನ್ನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಳ್ಳೆಯವರಾಗಿ ಕಾಣಿಸುವುದಕ್ಕೇ ಜಾಸ್ತಿ ಬೆಲೆ ಇರುವ ಸಭೆಯಲ್ಲಿ ನಿಜ ಹೇಳುವುದು ಎಷ್ಟು ಕಷ್ಟ, ಅಲ್ವಾ? "ನನ್ನಿಂದ ಅರ್ಧ ಮಾತ್ರ ಕೊಡಲು ಆಗುತ್ತದೆ" ಅಂತ ತಲೆ ಎತ್ತಿ ಹೇಳುವ ಜಾಗ ನಮ್ಮಲ್ಲಿ ಇದೆಯಾ? "ನಾನು ಮತ್ತೆ ಕುಡಿದೆ", "ನನ್ನ ಮದುವೆ ಮುರಿಯುವ ಹಂತಕ್ಕೆ ಬಂದಿದೆ", "ಪ್ರಾರ್ಥನೆ ಮಾಡಲು ಆಗುತ್ತಿಲ್ಲ" ಅಂತ ಹೇಳಿದರೆ ಮುಂದಿನ ವಾರವೂ ಜನ ಪಕ್ಕದಲ್ಲಿ ಕೂರುತ್ತಾರಾ? ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬ ತನ್ನ ಪತ್ರದ ಕೊನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಅರಿಕೆ ಮಾಡುವವನಿಗೆ ಧೈರ್ಯ ಬೇಕು. ಕೇಳಿದವರು ಆ ಮಾತನ್ನು ಬಾಯಿಂದ ಬಾಯಿಗೆ ಹರಡಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಒಟ್ಟಾಗಿ ಪಾಲಿಸುವ ನಿರ್ಧಾರ ಎಷ್ಟು ಚೆಂದವಾಗಿ ಶುರುವಾಗಬಹುದು, ಎಷ್ಟು ಬೇಗ ಸಡಿಲವಾಗಬಹುದು ಎನ್ನುವುದಕ್ಕೆ ನೆಹೆಮೀಯನ ಪುಸ್ತಕ ಓದಬೇಕು. ಬಾಬೆಲಿನ ಸೆರೆಯಿಂದ ಹಿಂತಿರುಗಿದ ಯೆಹೂದ್ಯ ಜನ ಯೆರೂಸಲೇಮಿನ ನೀರುಬಾಗಿಲಿನ ಮುಂದಿನ ಬಯಲಿನಲ್ಲಿ ಸೇರುತ್ತಾರೆ. ಗಂಡಸರು, ಹೆಂಗಸರು, ಕೇಳಿ ತಿಳಿಯಬಲ್ಲವರೆಲ್ಲರೂ ಅಲ್ಲಿದ್ದಾರೆ. ಧರ್ಮಶಾಸ್ತ್ರ ಬಲ್ಲ ಎಜ್ರ ಬೆಳಗಿನಿಂದ ಮಧ್ಯಾಹ್ನದ ತನಕ ಧರ್ಮಶಾಸ್ತ್ರ ಓದುತ್ತಾನೆ. ದೇವಾಲಯದ ಸೇವೆ ಮಾಡುವ ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸಿ ಹೇಳುತ್ತಾರೆ. ಕೇಳುತ್ತಾ ಕೇಳುತ್ತಾ ಜನ ಅಳಲು ಶುರು ಮಾಡುತ್ತಾರೆ. ಆಗ ಮುಂದಾಳುಗಳು ಹೇಳುವ ಮಾತು ನೋಡಿ. ಅಳಬೇಡಿ, ಹೋಗಿ ಒಳ್ಳೆಯ ಊಟ ಮಾಡಿ, ಏನೂ ಸಿದ್ಧಪಡಿಸದವರಿಗೂ ಒಂದು ಪಾಲು ಕಳುಹಿಸಿ, ಯೆಹೋವನ ಆನಂದವೇ ನಿಮ್ಮ ಬಲ. ಧರ್ಮಶಾಸ್ತ್ರ ಕೇಳಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಇಲ್ಲದವರ ಮನೆಗೆ ಊಟ ಕಳುಹಿಸಿದ್ದು!

ಅದಕ್ಕೂ ಮುಂಚೆ, 5ನೇ ಅಧ್ಯಾಯದಲ್ಲಿ, ಇನ್ನೂ ಖಾರವಾದ ಒಂದು ಪ್ರಸಂಗವಿದೆ. ಬರಗಾಲದಲ್ಲಿ ಬಡವರು ಹೊಲ, ದ್ರಾಕ್ಷೇತೋಟ, ಮನೆಗಳನ್ನು ಅಡವಿಟ್ಟಿದ್ದರು. ಅರಸನಿಗೆ ಕಂದಾಯ ಕಟ್ಟಲು ಸಾಲ ಮಾಡಿದ್ದರು. ಕೆಲವರ ಹೆಣ್ಣುಮಕ್ಕಳು ಆಗಲೇ ದಾಸಿಯರಾಗಿದ್ದರು. ಸಾಲ ಕೊಟ್ಟವರು ಹೊರಗಿನವರಲ್ಲ, ಯೆರೂಸಲೇಮಿನ ಪಾಳುಬಿದ್ದ ಗೋಡೆಯನ್ನು ಅವರ ಜೊತೆ ನಿಂತು ಮತ್ತೆ ಕಟ್ಟುತ್ತಿದ್ದ ಸಹೋದರರು. ಅಲ್ಲಿಯ ಅಧಿಪತಿಯಾಗಿದ್ದ ನೆಹೆಮೀಯ ತುಂಬ ಸಿಟ್ಟಾದ. ಸಭೆ ಕರೆದು ಶ್ರೀಮಂತರನ್ನೂ ಅಧಿಕಾರಿಗಳನ್ನೂ ಎದುರಿಗೇ ಕೇಳಿದ. ಹೊಲ, ಮನೆ, ಬಡ್ಡಿ ಎಲ್ಲವನ್ನೂ ಹಿಂದಕ್ಕೆ ಕೊಡುತ್ತೇವೆ ಎಂದು ಅವರಿಂದ ಪ್ರಮಾಣ ಮಾಡಿಸಿದ. ತಾನು ಅಧಿಪತಿಯಾಗಿದ್ದ 12 ವರ್ಷ ತನಗೆ ಸಲ್ಲಬೇಕಾದ ಭತ್ಯವನ್ನು ತೆಗೆದುಕೊಳ್ಳಲಿಲ್ಲ ಎಂದೂ ಅಲ್ಲೇ ಬರೆದಿದ್ದಾನೆ. ಇನ್ನೊಬ್ಬರಿಗೆ ಬಿಟ್ಟುಕೊಡಿ ಎನ್ನುವ ಮೊದಲು ತಾನು ಬಿಟ್ಟುಕೊಟ್ಟಿದ್ದ. ಅವನ ಸಿಟ್ಟನ್ನು ಜನ ಸಹಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನಗೆ ಅನ್ನಿಸುತ್ತದೆ.

10ನೇ ಅಧ್ಯಾಯದಲ್ಲಿ ಎಲ್ಲರೂ ಸೇರಿ ಒಪ್ಪಂದ ಬರೆದು ಮುದ್ರೆ ಹಾಕುತ್ತಾರೆ. ಸಬ್ಬತ್‌ನಲ್ಲಿ ವ್ಯಾಪಾರ ಮಾಡುವುದಿಲ್ಲ, ಏಳನೇ ವರ್ಷ ಸಾಲ ವಸೂಲಿ ಮಾಡುವುದಿಲ್ಲ, ದೇವಾಲಯಕ್ಕೆ ಸೌದೆಯನ್ನೂ ದಶಮಾಂಶವನ್ನೂ ತಪ್ಪದೆ ಕೊಡುತ್ತೇವೆ ಎಂದು. 13ನೇ ಅಧ್ಯಾಯಕ್ಕೆ ಬಂದರೆ ಎಲ್ಲವೂ ಮುರಿದುಬಿದ್ದಿದೆ. ನೆಹೆಮೀಯ ಅರಸನ ಬಳಿ ಹೋಗಿ ವಾಪಸ್ ಬರುವಷ್ಟರಲ್ಲಿ ಲೇವಿಯರಿಗೆ ಪಾಲು ಸಿಗದೆ ಅವರು ತಮ್ಮ ತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ಸಬ್ಬತ್ ದಿನವೇ ದ್ರಾಕ್ಷಾರಸ, ಅಂಜೂರ, ಮೀನಿನ ವ್ಯಾಪಾರ ನಡೆದಿತ್ತು. ಅಂದಿನ ಪ್ರಮಾಣ ಸುಳ್ಳಾಗಿತ್ತು ಅಂತ ನಾನು ಹೇಳುವುದಿಲ್ಲ. ಮುದ್ರೆ ಹಾಕಿದ ದಿನ ಅವರು ಮನಸ್ಸಿಟ್ಟೇ ಹಾಕಿದ್ದರು. ಆದರೆ ದಿನವೂ ನೋಡಿಕೊಳ್ಳಬೇಕಾದ ಸಣ್ಣ ಕೆಲಸಗಳು ನಿಂತುಹೋದವು. ಪಾಲು ಸಿಗದ ಲೇವಿಯ ಹೊಟ್ಟೆಪಾಡಿಗೆ ಹೊಲಕ್ಕೆ ಹೋದ, ಅವನು ಹೋದ ಮೇಲೆ ದೇವಾಲಯದ ಕೆಲಸ ನಿಂತಿತು. ಒಂದು ಮನೆಯ ಉದಾಸೀನ ಇನ್ನೊಂದು ಮನೆಯ ಅವಿಧೇಯತೆಗೆ ದಾರಿ ಮಾಡಿಕೊಟ್ಟಿತು.

ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಬೋಧಿಸುತ್ತಿದ್ದ ಫರಿಸಾಯರ ಬಗ್ಗೆ ಯೇಸು ಹೇಳಿದ ಮಾತುಗಳಲ್ಲಿ ನನಗೆ ತುಂಬ ನಾಟುವುದು ಮತ್ತಾಯ 23:4. ಹೊರಲಾರದ ಭಾರವಾದ ಹೊರೆಗಳನ್ನು ಕಟ್ಟಿ ಜನರ ಹೆಗಲ ಮೇಲೆ ಹೊರಿಸುತ್ತಾರೆ, ತಾವಾದರೋ ಅವುಗಳನ್ನು ಬೆರಳಿನಿಂದಲೂ ಮುಟ್ಟಲಾರರು. ಅದರ ಹಿಂದಿನ ವಚನವನ್ನೂ ಬಿಡಬಾರದು. ಅವರು ಹೇಳುವುದನ್ನೆಲ್ಲ ಕೈಕೊಂಡು ನಡೆಯಿರಿ ಅಂತ ಯೇಸು ಅಲ್ಲಿ ಹೇಳುತ್ತಾನೆ. ಧರ್ಮಶಾಸ್ತ್ರದ ಮೇಲೆ ಅವನಿಗೆ ತಕರಾರಿಲ್ಲ. ಹೊರೆ ಹೊರಿಸಿದವರು ಕೈ ಕೊಡದೆ ನಿಂತದ್ದೇ ಅವನ ಸಿಟ್ಟಿಗೆ ಕಾರಣ. ಕೈ ಕೊಡುವ ಈ ಮಾತೇ ಪೌಲನ ಗಲಾತ್ಯ ಪತ್ರದಲ್ಲಿ ಬರುತ್ತದೆ. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ, ಹೀಗೆ ಕ್ರಿಸ್ತನ ನಿಯಮವನ್ನು ನೆರವೇರಿಸಿರಿ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಹೀಗೆ ಹೇಳುತ್ತಾ ಹೋದರೆ ಪ್ರತಿ ತಪ್ಪಿಗೂ ಸಭೆಯೇ ಹೊಣೆಯಾಗುತ್ತದೆ, ತಪ್ಪು ಮಾಡಿದವನು ಕೈ ತೊಳೆದುಕೊಳ್ಳುತ್ತಾನೆ ಅಂತ. ಇಲ್ಲ. ಯೆಹೆಜ್ಕೇಲ 18ನೇ ಅಧ್ಯಾಯ ಇದನ್ನು ಖಂಡಿತವಾಗಿ ಹೇಳುತ್ತದೆ. ತಂದೆಯ ದೋಷಕ್ಕೆ ಮಗ ಹೊಣೆಯಲ್ಲ, ಪಾಪ ಮಾಡಿದವನೇ ಅದಕ್ಕೆ ಉತ್ತರ ಕೊಡಬೇಕು. ಗಲಾತ್ಯ 6ರಲ್ಲಿ ಕೂಡ, ಒಬ್ಬರ ಭಾರ ಒಬ್ಬರು ಹೊರಿರಿ ಎಂದ ಪೌಲನೇ ಮೂರು ವಚನಗಳ ನಂತರ ಪ್ರತಿಯೊಬ್ಬನು ತನ್ನ ತನ್ನ ಹೊರೆಯನ್ನು ಹೊರಬೇಕು ಎನ್ನುತ್ತಾನೆ. ಎರಡೂ ನಿಜ. ಬಾವಿಗೆ ಬಿದ್ದವನು ಹಗ್ಗವನ್ನು ತಾನೇ ಹಿಡಿಯಬೇಕು, ಆದರೆ ಹಗ್ಗ ಇಳಿಸುವವರು ಮೇಲೆ ಇರಬೇಕಲ್ಲ.

ಈಗ ತಿದ್ದುವ ವಿಷಯ. ಮತ್ತಾಯ 18:15ರಿಂದ 17ರವರೆಗಿನ ಮಾತುಗಳು ಎಲ್ಲ ಸಭೆಗಳಿಗೂ ಗೊತ್ತು. ನಿನ್ನ ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಸಭೆಯ ಮಾತನ್ನೂ ಕೇಳದಿದ್ದರೆ ಅವನು ನಿನಗೆ ಅನ್ಯನಂತೆಯೂ ಸುಂಕದವನಂತೆಯೂ ಇರಲಿ. ಈ ಮೂರು ವಚನಗಳನ್ನು ಕತ್ತರಿಸಿ ತೆಗೆದು ಸಭೆಯ ನಿಯಮಾವಳಿಗೆ ಅಂಟಿಸಿಕೊಂಡವರು ಬಹಳ. ಆದರೆ ಇವಕ್ಕೆ ಮೊದಲು 99 ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಲು ಹೋದ ಕುರುಬನ ಕಥೆಯಿದೆ. ಇವುಗಳ ನಂತರ ಪೇತ್ರನ ಪ್ರಶ್ನೆ ಇದೆ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ? ಅದಕ್ಕೆ ಯೇಸು ಕೊಟ್ಟ ಉತ್ತರ ಏಳೆಪ್ಪತ್ತು ಸಲ. ಅಧ್ಯಾಯ ಮುಗಿಯುವುದು ದೊಡ್ಡ ಸಾಲ ಮನ್ನಾ ಆದ ಮೇಲೂ ಸಣ್ಣ ಸಾಲಕ್ಕೆ ಇನ್ನೊಬ್ಬನ ಕುತ್ತಿಗೆ ಹಿಡಿದ ಆಳಿನ ಕಥೆಯಿಂದ. ಹುಡುಕುವ ಕುರುಬ ಒಂದು ಕಡೆ, ಕ್ಷಮಿಸುವ ಅರಸ ಇನ್ನೊಂದು ಕಡೆ, ನಡುವೆ ತಿದ್ದುವ ಮಾತು. ಆ ಜಾಗದಿಂದ ಕಿತ್ತರೆ ಅದು ಬೇರೆಯೇ ಮಾತಾಗಿಬಿಡುತ್ತದೆ. ಸುಂಕದವನಂತೆ, ಅಂದರೆ ಜನ ದೂರ ಇಡುತ್ತಿದ್ದ ತೆರಿಗೆ ವಸೂಲಿಯವನಂತೆ, ಇರಲಿ ಎಂಬುದನ್ನು ಬರೆದಿಟ್ಟ ಸುವಾರ್ತೆಗೆ ಸುಂಕದವನೇ ಆಗಿದ್ದ ಮತ್ತಾಯನ ಹೆಸರಿದೆ. ಸುಂಕದ ಕಟ್ಟೆಯಲ್ಲಿ ಕೂತಿದ್ದವನನ್ನು ಯೇಸು ಹೇಗೆ ಕರೆದ, ಯಾರ ಜೊತೆ ಊಟಕ್ಕೆ ಕೂತ ಎನ್ನುವುದು ಅದೇ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ.

ನಾನು ಹಿಂದೆ ಕಂಡ ಒಂದು ಸಭೆಯಲ್ಲಿ ಯುವಕನೊಬ್ಬನ ಹೆಸರನ್ನು ಆರಾಧನೆಯ ಕೊನೆಯಲ್ಲಿ ಓದಿದರು. ಇನ್ನು ಮುಂದೆ ಕರ್ತನ ಭೋಜನದಲ್ಲಿ ಅವನಿಗೆ ಪಾಲಿಲ್ಲ ಎಂದರು. ತಪ್ಪು ನಿಜವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕೆ ಮೊದಲು ಅವನ ಮನೆಗೆ ಹೋಗಿ ಒಬ್ಬರೂ ಮಾತಾಡಿರಲಿಲ್ಲ. ಕೆಲಸ ಕಳೆದುಕೊಂಡು ಎಷ್ಟು ಕಾಲವಾಯಿತು, ಯಾರ ಸಹವಾಸದಲ್ಲಿದ್ದಾನೆ, ರಾತ್ರಿ ನಿದ್ದೆ ಬರುತ್ತದೆಯಾ, ಯಾರಿಗೂ ಗೊತ್ತಿರಲಿಲ್ಲ. ಯೇಸು ಹೇಳಿದ ಮೊದಲ ಎರಡು ಹೆಜ್ಜೆಗಳನ್ನು ಬಿಟ್ಟು ಮೂರನೆಯದಕ್ಕೆ ಹಾರಿದ ಸಭೆ, ಅವನು ದೇವರ ಮಾತು ಕೇಳಲಿಲ್ಲ ಎಂದು ತೀರ್ಪು ಕೊಟ್ಟಿತು. ಇವತ್ತಿಗೂ ಅದು ನನಗೆ ನೋವಿನ ವಿಷಯ.

6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಮಠದವರಿಗಾಗಿ ಒಂದು ನಿಯಮಾವಳಿ ಬರೆದ. ಅದರಲ್ಲಿ 73 ಅಧ್ಯಾಯಗಳಿವೆ, ತಪ್ಪಿದವರನ್ನು ಸಹವಾಸದಿಂದ ದೂರ ಇಡುವ ಕ್ರಮವೂ ಇದೆ. ಅದು ಮೆದುವಾದ ಪುಸ್ತಕವೇನಲ್ಲ. ಆದರೆ 27ನೇ ಅಧ್ಯಾಯದಲ್ಲಿ ಬೆನೆಡಿಕ್ಟ್ ಮಠಾಧಿಪತಿಗೆ ಹೇಳುವ ಮಾತು ನೋಡಿ. ದೂರ ಇಟ್ಟ ಸಹೋದರನ ಬಳಿಗೆ ತಿಳಿವಳಿಕೆಯುಳ್ಳ ಹಿರಿಯ ಸನ್ಯಾಸಿಗಳನ್ನು ಗುಟ್ಟಾಗಿ ಕಳುಹಿಸು, ಅವರು ಅವನನ್ನು ಸಮಾಧಾನಪಡಿಸಲಿ, ಅತಿಯಾದ ದುಃಖದಲ್ಲಿ ಅವನು ಮುಳುಗಿಹೋಗದಿರಲಿ. ಕೊನೆಯ ಮಾತು ಪೌಲನದು, ಕೊರಿಂಥದವರಿಗೆ ಬರೆದ ಎರಡನೇ ಪತ್ರದ್ದು. ಶಿಕ್ಷೆ ಕೊಟ್ಟ ಮಠವೇ ಸಂತೈಸುವವರನ್ನೂ ಕಳುಹಿಸುತ್ತದೆ. ಮಠ ಬಿಟ್ಟು ಹೋದವನು ತಿದ್ದಿಕೊಂಡು ಬಂದರೆ ಮೂರು ಸಲದ ತನಕ ಒಳಗೆ ಸೇರಿಸಿಕೊಳ್ಳಬಹುದು ಎಂದೂ ಇದೆ. ನನಗೆ ಇನ್ನೂ ಇಷ್ಟವಾಗುವುದು 22ನೇ ಅಧ್ಯಾಯದ ಒಂದು ಸಣ್ಣ ಸಾಲು. ಪ್ರಾರ್ಥನೆಗೆ ಏಳುವಾಗ ಒಬ್ಬರನ್ನೊಬ್ಬರು ಮೆಲ್ಲಗೆ ಹುರಿದುಂಬಿಸಲಿ, ನಿದ್ದೆಗಣ್ಣಿನವರು ನೆಪ ಹೇಳುತ್ತಾರಲ್ಲ, ಅದಕ್ಕೆ. ಮಧ್ಯರಾತ್ರಿ ಕಳೆದ ಮೇಲೆ ಒಬ್ಬನೇ ಏಳುವುದು ಕಷ್ಟ ಅಂತ ಬೆನೆಡಿಕ್ಟನಿಗೆ ಗೊತ್ತಿತ್ತು. ಅವನು ಆ ದೌರ್ಬಲ್ಯಕ್ಕೆ ಬೈಯುವುದಿಲ್ಲ, ಪಕ್ಕದವನಿಗೆ ಕೆಲಸ ಕೊಡುತ್ತಾನೆ.

ಮೆಥೊಡಿಸ್ಟ್ ಎಂಬ ಕ್ರೈಸ್ತ ಪಂಗಡದ ಕ್ಲಾಸ್ ಸಭೆಗಳು, ಅಂದರೆ ಸಣ್ಣ ಗುಂಪುಗಳು, ಹುಟ್ಟಿದ ಬಗೆಯನ್ನೂ ಹೇಳಬೇಕು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆ ಪಂಗಡವನ್ನು ಶುರು ಮಾಡಿದ ಜಾನ್ ವೆಸ್ಲಿಯ ಗುಂಪಿನವರು ತಮ್ಮ ಕಟ್ಟಡದ ಸಾಲ ತೀರಿಸುವುದು ಹೇಗೆ ಎಂದು ಕೂತು ಮಾತಾಡುತ್ತಿದ್ದರು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಒಬ್ಬರು ಹೇಳಿದರು. ಎಷ್ಟೋ ಜನರಿಗೆ ಅಷ್ಟೂ ಕೊಡಲು ಆಗುವುದಿಲ್ಲ ಎಂದು ಇನ್ನೊಬ್ಬರು ಅಂದರು. ಆಗ ಕ್ಯಾಪ್ಟನ್ ಫಾಯ್ ಎಂಬುವರು, ತೀರ ಬಡವರಾದ 11 ಜನರನ್ನು ನನಗೆ ವಹಿಸಿ, ಅವರಿಗೆ ಕೊಡಲು ಆಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ ಎಂದರು. ಹೀಗೆ ಹನ್ನೆರಡರ ಗುಂಪುಗಳಾದವು. ಹಣ ತೆಗೆದುಕೊಳ್ಳಲು ಮನೆಮನೆಗೆ ಹೋದ ನಾಯಕರಿಗೆ ಅಲ್ಲಿಯ ಬದುಕು ಕಂಡಿತು. ಯಾವ ಮನೆಯಲ್ಲಿ ಜಗಳ, ಎಲ್ಲಿ ಕುಡಿತ, ಯಾರಿಗೆ ಕಾಯಿಲೆ ಎಲ್ಲವೂ. ನಮಗೆ ಬಹಳ ದಿನದಿಂದ ಬೇಕಾಗಿದ್ದದ್ದು ಇದೇ ಅಂತ ವೆಸ್ಲಿಗೆ ಹೊಳೆಯಿತು. ಮಾರನೇ ವರ್ಷ, 1743ರಲ್ಲಿ, ಅವನು ಈ ಗುಂಪುಗಳಿಗಾಗಿ ಸಾಮಾನ್ಯ ನಿಯಮಗಳನ್ನು ಬರೆದ. ಕೇಡು ಮಾಡಬೇಡ, ಒಳ್ಳೆಯದನ್ನು ಮಾಡು, ದೇವರ ಆರಾಧನೆಯ ಕ್ರಮಗಳನ್ನು ಬಿಡಬೇಡ. ನಿಯಮ ಹುಟ್ಟುವ ಮೊದಲೇ ಬಡವನ ಪೆನ್ನಿಯನ್ನು ತಾನು ಕೊಡುತ್ತೇನೆ ಎನ್ನುವ ಒಬ್ಬ ಮನುಷ್ಯ ಅಲ್ಲಿದ್ದ ಎನ್ನುವುದನ್ನು ನಾನು ಮರೆಯಲಾರೆ.

ಒಟ್ಟಾಗಿ ಪಾಲಿಸುವುದಕ್ಕೆ ಎಷ್ಟು ತಾಳ್ಮೆ ಬೇಕು ಎನ್ನುವುದು ಕ್ವೇಕರ್ ಎಂಬ ಕ್ರೈಸ್ತ ಪಂಗಡದವರ ಕಥೆಯಲ್ಲಿ ಕಾಣುತ್ತದೆ. 1688ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ನಾಲ್ಕು ಜನ ಸಹಿ ಹಾಕಿ ಗುಲಾಮಗಿರಿಯ ವಿರುದ್ಧ ತಮ್ಮ ಸಭೆಗೆ ಒಂದು ಪತ್ರ ಕೊಟ್ಟರು. ಜನರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ಅವರಿಗೆ ಮಾಡಬೇಕು ಎಂಬ ಯೇಸುವಿನ ಮಾತೇ ಅವರ ಆಧಾರ. ಮನುಷ್ಯರನ್ನು ಕದಿಯುವವನೂ ಕದ್ದವರನ್ನು ಕೊಳ್ಳುವವನೂ ಒಂದೇ ಅಲ್ಲವೇ ಎಂದು ಕೇಳಿದರು. ಇನ್ನೊಂದು ಮಾತನ್ನೂ ಬರೆದರು. ಗುಲಾಮರ ಗಂಡ ಹೆಂಡಿರನ್ನು ಬೇರ್ಪಡಿಸಿ ಬೇರೆಯವರಿಗೆ ಕೊಡುವುದರಿಂದ ವ್ಯಭಿಚಾರ ನಡೆಯುವಂತೆ ಮಾಡಿದ ಹಾಗಾಗುತ್ತದೆ ಎಂದು. ಇದನ್ನು ಮೊದಲ ಸಲ ಓದಿದಾಗ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಯಜಮಾನ ಭಾನುವಾರ ಹತ್ತು ಆಜ್ಞೆಗಳನ್ನು ಹೇಳುತ್ತಾನೆ, ಸೋಮವಾರ ತನ್ನ ಆಳಿಗೆ ಏಳನೆಯದನ್ನು, ವ್ಯಭಿಚಾರ ಮಾಡಬೇಡ ಎಂಬುದನ್ನು, ಪಾಲಿಸಲು ಆಗದ ಹಾಗೆ ಮಾಡುತ್ತಾನೆ.

ಆ ಪತ್ರ ಸಭೆಯಿಂದ ಸಭೆಗೆ ಮೇಲಕ್ಕೆ ಹೋಗಿ, ವಾರ್ಷಿಕ ಸಭೆಯಲ್ಲಿ ನಿಂತುಬಿಟ್ಟಿತು. ದೊಡ್ಡ ವಿಷಯ, ಈಗ ತೀರ್ಮಾನ ಬೇಡ ಎಂದರು. 1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ, ಗುಲಾಮರನ್ನು ಇಟ್ಟುಕೊಂಡ ಸದಸ್ಯರ ಮನೆಗಳಿಗೆ ಹೋಗಿ ಮಾತಾಡಲು ಕೆಲವರನ್ನು ನೇಮಿಸಿತು. ಅವರಲ್ಲಿ ಜಾನ್ ವುಲ್ಮನ್ ಒಬ್ಬ, ದರ್ಜಿ ಕೆಲಸ ಮಾಡುತ್ತಿದ್ದವನು. ಯಜಮಾನರ ಮನೆಯಲ್ಲಿ ಉಳಿದುಕೊಂಡಾಗ ತನ್ನ ಸೇವೆ ಮಾಡಿದ ಗುಲಾಮರಿಗೆ ಅವನು ಹಣ ಕೊಡುತ್ತಿದ್ದ. ಯಜಮಾನನ ಮೇಲೆ ಕೂಗಾಡುತ್ತಿರಲಿಲ್ಲ, ಆದರೆ ಇದನ್ನು ಬಿಡುತ್ತಲೂ ಇರಲಿಲ್ಲ. ಗುಲಾಮರನ್ನು ಬಿಡುಗಡೆ ಮಾಡದ ಸದಸ್ಯರಿಗೆ ಸಭೆಯಲ್ಲಿ ಜಾಗವಿಲ್ಲ ಎಂದು ವಾರ್ಷಿಕ ಸಭೆ ತೀರ್ಮಾನಿಸಿದ್ದು 1776ರಲ್ಲಿ. ಮೊದಲ ಪತ್ರಕ್ಕೂ ಇದಕ್ಕೂ 88 ವರ್ಷಗಳ ಅಂತರ. ಅಷ್ಟು ವರ್ಷ ಕಾದವರಲ್ಲಿ ಗುಲಾಮರೂ ಇದ್ದರು, ಬಿಡುಗಡೆ ಕಾಣದೆ ಸತ್ತವರೂ ಇದ್ದರು. ಹಾಗಾಗಿ ತಾಳ್ಮೆಯನ್ನು ನಾನು ಸುಲಭವಾಗಿ ಹೊಗಳಲಾರೆ. ತಪ್ಪಿದ ಸಹೋದರನ ಜೊತೆ ತಾಳ್ಮೆಯಿಂದ ಇರಬೇಕು ಸರಿ, ಆದರೆ ಅವನಿಂದ ನೋವು ತಿನ್ನುತ್ತಿರುವವರು ಯಾರು, ಆ ತಾಳ್ಮೆಯ ಲೆಕ್ಕ ಯಾರ ಬೆನ್ನ ಮೇಲೆ ಬೀಳುತ್ತಿದೆ ಎಂದು ಸಭೆ ಪ್ರತಿ ಸಲ ಕೇಳಿಕೊಳ್ಳಬೇಕು.

ಇದು ಇಂದಿಗೂ ಬಹಳ ಮುಖ್ಯ. ಮತ್ತಾಯ 18ನ್ನು ಹಿಡಿದುಕೊಂಡು, ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ, ಹಿರಿಯರೊಬ್ಬರಿಂದ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ "ಮೊದಲು ನೀನೊಬ್ಬಳೇ ಹೋಗಿ ಅವರ ಜೊತೆ ಮಾತಾಡು, ಹೊರಗೆ ಹೇಳಬೇಡ" ಎಂದು ಹೇಳುವ ಸಭೆಗಳಿವೆ. ಇದು ಆ ವಚನಗಳಿಗೆ ಮಾಡುವ ಅನ್ಯಾಯ. ಅದೇ ಅಧ್ಯಾಯದ 6ನೇ ವಚನದಲ್ಲಿ, ಈ ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದು ಅವನಿಗೆ ಮೇಲು ಎಂದು ಯೇಸು ಹೇಳಿದ್ದಾನೆ. ಅಪರಾಧ ನಡೆದಿದ್ದರೆ ಪೊಲೀಸರಿಗೆ ಹೇಳಬೇಕು, ಅದೇ ದಿನ ಹೇಳಬೇಕು. ಕೇಡು ಮಾಡುವವನನ್ನು ದಂಡಿಸಲು ಅಧಿಕಾರಿಯನ್ನು ದೇವರೇ ಇಟ್ಟಿದ್ದಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಹೇಳುತ್ತದೆ. ಸಭೆಯ ಹೆಸರು ಉಳಿಸಲು ಮಗುವಿನ ಬಾಯಿ ಮುಚ್ಚಿಸುವವರು ಯಾವ ಆಜ್ಞೆಯನ್ನೂ ಪಾಲಿಸುತ್ತಿಲ್ಲ.

ಹೊಸ ಹೊರೆಗಳನ್ನು ಕಟ್ಟುವ ಆಸೆಯ ಬಗ್ಗೆಯೂ ಒಂದು ಮಾತು. ಅಪೊಸ್ತಲರ ಕೃತ್ಯಗಳು 15ರಲ್ಲಿ, ಅನ್ಯಜನರಿಂದ ಬಂದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂದು ಯೆರೂಸಲೇಮಿನಲ್ಲಿ ಬಹಳ ಚರ್ಚೆಯಾಯಿತು. ನಮ್ಮ ಹಿರಿಯರೂ ನಾವೂ ಹೊರಲಾರದ ನೊಗವನ್ನು ಇವರ ಕುತ್ತಿಗೆಗೆ ಯಾಕೆ ಹಾಕುತ್ತೀರಿ ಎಂದು ಪೇತ್ರ ಕೇಳಿದ. ಕೊನೆಗೆ ನಾಲ್ಕು ವಿಷಯಗಳನ್ನು ಮಾತ್ರ ಬರೆದು ಕಳುಹಿಸಿದರು. ಪತ್ರವನ್ನು ಸುಮ್ಮನೆ ಕಳುಹಿಸಲಿಲ್ಲ, ಬಾಯಿಮಾತಿನಲ್ಲಿ ವಿವರಿಸಲು ಯೂದನನ್ನೂ ಸೀಲನನ್ನೂ ಜೊತೆಗೆ ಕಳುಹಿಸಿದರು. ಪತ್ರ ಓದಿದ ಅಂತಿಯೋಕ್ಯ ಪಟ್ಟಣದ ವಿಶ್ವಾಸಿಗಳು ಸಂತೋಷಪಟ್ಟರು ಎಂದಿದೆ. ಉಡುಪು, ಸಂಗೀತ, ಕೂದಲು ಇವುಗಳ ಬಗ್ಗೆ ಉದ್ದನೆಯ ಪಟ್ಟಿ ಮಾಡುವ ಸಭೆಗಳು ಈ ಅಧ್ಯಾಯವನ್ನು ಮತ್ತೆ ಮತ್ತೆ ಓದಿದರೆ ಒಳ್ಳೆಯದು. ಮನುಷ್ಯರು ಸೇರಿಸಿದ ನಿಯಮಗಳು ಜಾಸ್ತಿಯಾದಷ್ಟೂ ಕೂಲಿ, ಬಡ್ಡಿ, ಸುಳ್ಳು, ಸೇಡು ಇವುಗಳ ಬಗ್ಗೆ ದೇವರು ಹೇಳಿದ್ದು ಹಿಂದಕ್ಕೆ ಸರಿಯುತ್ತದೆ.

ನಾವು ಕೆಲವರು ವಾರದ ನಡುವೆ ಒಂದು ಸಂಜೆ ಸೇರುತ್ತೇವೆ. ಒಂದು ಆಜ್ಞೆಯನ್ನು ಓದಿ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇದನ್ನು ಪಾಲಿಸುವುದು ನಮ್ಮಲ್ಲಿ ಯಾರಿಗೆ ತುಂಬ ಕಷ್ಟ? ಅದಕ್ಕೆ ಉಳಿದವರು ಏನು ಮಾಡಬೇಕು? ಸಬ್ಬತ್ ಆಜ್ಞೆ ಓದಿದ ಸಂಜೆ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಒಬ್ಬ ಅಕ್ಕ ಬಾಯಿ ಬಿಟ್ಟರು. ಆರಾಧನೆಗೆ ಬಂದು ಬಹಳ ಕಾಲವಾಗಿತ್ತು, ಬಾರದ್ದಕ್ಕೆ ಜನ ಏನು ಅಂದುಕೊಳ್ಳುತ್ತಾರೋ ಎಂಬ ಹೆದರಿಕೆಯೂ ಇತ್ತು. ಈಗ ಸರದಿಯ ಮೇಲೆ ಒಬ್ಬೊಬ್ಬರು ಆ ತಾಯಿಯ ಬಳಿ ಕೂರುತ್ತೇವೆ, ಅಕ್ಕ ಸಭೆಗೆ ಬರುತ್ತಾರೆ. ಕೂತವರು ಅವತ್ತು ಆರಾಧನೆ ತಪ್ಪಿಸಿದ ಹಾಗಾಗುವುದಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ. ಹಿರಿಯರೊಬ್ಬರು ಸಬ್ಬತ್‌ನಲ್ಲಿ ಬಾವಿಗೆ ಬಿದ್ದ ಎತ್ತನ್ನು ಎತ್ತುವ ಬಗ್ಗೆ ಲೂಕ 14ರಲ್ಲಿ ಯೇಸು ಹೇಳಿದ್ದನ್ನು ಓದಿದರು. ಈಗ ಮುಂದಿನ ಸರದಿ ಆ ಹುಡುಗನದ್ದೇ.

ಕಳೆದ ವಾರ ಕದಿಯಬೇಡ ಎಂಬುದನ್ನು ಓದಿದೆವು. ಚಿಕ್ಕ ವ್ಯಾಪಾರ ಮಾಡುವ ಒಬ್ಬರು, ಕೆಲಸದವರಿಗೆ ಸರಿಯಾದ ಸಂಬಳ ಕೊಟ್ಟರೆ ತನ್ನ ಅಂಗಡಿ ಉಳಿಯುವುದಿಲ್ಲ ಎಂದರು. ನಮ್ಮಲ್ಲಿ ಹಲವರು ಅವರ ಗಿರಾಕಿಗಳೇ, ಚೌಕಾಸಿ ಮಾಡಿ ಬೆಲೆ ಇಳಿಸುವವರೇ. ನಾನು ಬೆಲೆ ಏರಿಸಿದರೆ ನೀವು ನನ್ನಲ್ಲೇ ಕೊಳ್ಳುತ್ತೀರಾ ಎಂದು ಆ ವ್ಯಾಪಾರಿ ನೇರವಾಗಿ ಕೇಳಿದರು. ಕೆಲವರು ಹೂಂ ಅಂದರು. ಕೈ ಬಿಗಿಯಾಗಿರುವ ಒಬ್ಬರು, ನನ್ನಿಂದ ಆಗುವುದಿಲ್ಲ ಎಂದು ನಿಜವನ್ನೇ ಹೇಳಿದರು. ಅವರ ಪಾಲಿನ ಹೆಚ್ಚುವರಿ ಬೆಲೆಯನ್ನು ಬೇರೆಯವರು ಹಂಚಿಕೊಳ್ಳಬಹುದೇ, ಸಂಬಳ ಎಷ್ಟು ಏರಿದರೆ ಸರಿ ಅನ್ನಬಹುದು, ಅದನ್ನು ಕೆಲಸದವರನ್ನೇ ಕರೆದು ಕೇಳಬೇಕಲ್ಲವೇ ಎಂಬಲ್ಲಿಗೆ ಮಾತು ನಿಂತಿದೆ. ಬರುವ ವಾರ ಆ ಕೆಲಸದವರೂ ನಮ್ಮ ಜೊತೆ ಕೂರುತ್ತಾರೆ.